ಅಪ್ಪ ಕದ್ದ ಡಬ್ಬ

ಮುನಿಶಾಮಪ್ಪ ಕಳ್ಳ ಎಂಬುದು ಪುಟ್ಟೇನಹಳ್ಳಿಯ ಆ ಬೀದಿಗೆಲ್ಲ ಗೊತ್ತಿತ್ತು. ಏನು ಕದ್ದ ಎಂಬುದು ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ. ಹದಿನಾರು ವರ್ಷದ ಹಿಂದೆ ಒಂದು ಬೆಳಿಗ್ಗೆ, ಅವನು ವಾಚ್‌ಮನ್ ಆಗಿದ್ದ ಫ್ಯಾಕ್ಟರಿಯ ಸೂಪರ್‌ವೈಸರು ಇಬ್ಬರು ಆಳುಗಳ ಜೊತೆ ಜೀಪಿನಲ್ಲಿ ಬಂದು, ಮನೆಯ ಪಾತ್ರೆ ಪಗಡೆಯನ್ನೆಲ್ಲ ಬೀದಿಗೆ ಚೆಲ್ಲಿ ಹುಡುಕಿ, ಏನೂ ಸಿಗದೆ, "ಕಂಪನಿ ಮಾಲು ಕದ್ದ ಕಳ್ಳ ನನ್ಮಗ" ಎಂದು ಕೂಗಿ ಹೋಗಿದ್ದ. ಬೀದಿಗೆ ಅಷ್ಟು ಸಾಕಾಯಿತು. ಏಳನೇ ಕ್ಲಾಸಿನಲ್ಲಿದ್ದ ಮಗ ಗಿರಿಯನ್ನು ಹುಡುಗರು ಕಳ್ಳನ ಮಗ ಎಂದರು. ಅವನು ಒಬ್ಬನ ಹಲ್ಲು ಉದುರಿಸಿ, ಬ್ಯಾಗನ್ನು ಕೆರೆಗೆ ಎಸೆದು ಬಂದವನು ಮತ್ತೆ ಸ್ಕೂಲಿನ ಕಡೆ ತಲೆ ಹಾಕಲಿಲ್ಲ. ಈಗ ಅಪಾರ್ಟ್‌ಮೆಂಟುಗಳಿಗೆ ನೀರಿನ ಟ್ಯಾಂಕರ್ ಓಡಿಸುತ್ತಾನೆ. ಅಲ್ಲಿ ಗೇಟಿನ ವಾಚ್‌ಮನ್ನುಗಳ ಮುಖ ಕಂಡರೇ ಅವನಿಗಾಗುವುದಿಲ್ಲ.

ಅಪ್ಪ ಸತ್ತು ತಿಂಗಳಾದ ಮೇಲೆ, ಹಿತ್ತಲ ಸೌದೆ ಕೊಟ್ಟಿಗೆಯನ್ನು ಕೆಡವುವಾಗ, ಸೂರಿಗೆ ಸಿಕ್ಕಿಸಿದ್ದ ಟಾರ್ಪಾಲಿನ ಗಂಟೊಂದು ಗಿರಿಯ ಕಾಲ ಬುಡಕ್ಕೇ ಬಿತ್ತು. ಬಿಚ್ಚಿದರೆ ಚರ್ಮದ ಚೀಲ. ಅದರೊಳಗೆ ಎರಡು ಕೆಜಿ ತೂಗುವ, ದುಂಡನೆಯ ಹಿತ್ತಾಳೆ ಡಬ್ಬ. ಗಡಿಯಾರದ ಹಾಗಿದ್ದರೂ ಮುಖವಿಲ್ಲ, ಮುಳ್ಳಿಲ್ಲ. ಮೇಲೊಂದು ಬೀಗ, ಪಕ್ಕೆಯಲ್ಲೊಂದು ತೂತು, ಹೆಗಲಿಗೆ ಹಾಕಿಕೊಳ್ಳಲು ಪಟ್ಟಿ. ಅಲ್ಲಾಡಿಸಿದರೆ ಒಳಗೆ ಏನೋ ಸಣ್ಣಗೆ ಕಿಣಿ ಎಂದಿತು.

ತಾಯಿ ವೆಂಕಟಲಕ್ಷ್ಮಮ್ಮ ಬಾಗಿಲಲ್ಲೇ ನಿಂತಳು. "ಅದೇ ಅದು. ತೊಲಗ್ಸು ಮೊದ್ಲು."

"ಇದಾ? ಇದಕ್ಕಾ ನಾವು ಇಷ್ಟು ವರ್ಷ ಉಗಿಸ್ಕೊಂಡಿದ್ದು?"

ಗಿರಿಗೆ ಮೈಯೆಲ್ಲ ಉರಿಯಿತು. ಕದಿಯುವುದೇ ಆದರೆ ಒಂದು ಲೋಡ್ ತಾಮ್ರ ಕದಿಯಬಾರದಿತ್ತೇ? ಹೋದ ವರ್ಷ ಅವನಿಗೆ ಮದುವೆ ಗೊತ್ತಾಗಿದ್ದ ಹೆಣ್ಣಿನ ಕಡೆಯವರು ಇದೇ ಮಾತು ಕಿವಿಗೆ ಬಿದ್ದು ಹಿಂದೆ ಸರಿದಾಗ, ಅವನು ಅಪ್ಪನೆದುರು ನಿಂತು, "ಕದ್ದಿದ್ದು ಏನು ಅಂತಾದ್ರೂ ಬೊಗಳು, ಮಾರ್ಕೊಂಡು ತಿನ್ನೋಣ" ಎಂದಿದ್ದ. ಮುದುಕ ಬೀಡಿ ಹಚ್ಚಿಕೊಂಡು ಹೊರಗೆ ಹೋಗಿದ್ದ. ಆ ಉತ್ತರ ಈಗ ಕೈಯಲ್ಲಿದೆ, ಆದರೆ ಏನೆಂದು ತಿಳಿಯುತ್ತಿಲ್ಲ. ತಿಳಿಯದೆ ಬಿಡುವುದಿಲ್ಲ ಎಂದು ಗಿರಿ ಹೊರಟ.

ಪಂಕ್ಚರ್ ಅಂಗಡಿಯ ಸುಬ್ರಮಣಿ ಎರಡು ಹೆಜ್ಜೆ ಹಿಂದಕ್ಕೆ ಹೋದ. "ಮಗಾ, ಬಾಂಬ್ ಕಣೋ ಇದು!"

"ಬಾಂಬ್ ನಮ್ಮನೇಲಿ ಅವತ್ತೇ ಸಿಡೀತಲ್ಲೋ."

ಸುಬ್ರಮಣಿ ಫೋಟೋ ತೆಗೆದು ಮೊಬೈಲನ್ನೇ ಕೇಳಿದ. ಹಳೇ ಕಾಲದ ಕ್ಯಾಮೆರಾ ಎಂದಿತು ಮೊಬೈಲು. ಇನ್ನೊಂದು ಮಗ್ಗುಲು ತೋರಿಸಿದರೆ ಪ್ರೆಶರ್ ಕುಕ್ಕರ್ ಎಂದಿತು. "ಏಳನೇ ಕ್ಲಾಸ್ ಓದಿರ್ಬೇಕು ಮಚ್ಚಾ ಇದೂನೂ, ನಿನ್ನಂಗೆ" ಎಂದು ಸುಬ್ರಮಣಿ ನಕ್ಕ. ಗುಜರಿಯವನು ಸುತ್ತಿಗೆ ಎತ್ತಿಯೇಬಿಟ್ಟಿದ್ದ, ಒಡೆದರೆ ಹಿತ್ತಾಳೆ ಬೇರೆ ಕಬ್ಬಿಣ ಬೇರೆ ಎಂದು. ಗಿರಿ ಕಿತ್ತುಕೊಂಡು ಬಂದ.

ಕೊನೆಗೆ ಯಲಹಂಕದ ಹಳೇ ಊರಿನಲ್ಲಿ ಗಡಿಯಾರ ರಿಪೇರಿ ಮಾಡುವ ಮಜೀದ್ ಸಾಬರು ಅದನ್ನು ಕಿವಿಗಿಟ್ಟುಕೊಂಡು ತಲೆಯಾಡಿಸಿದರು.

"ಯಾರ ಹೆಗಲ ಮೇಲಿತ್ತು ಬೇಟಾ ಇದು?"

"ನಮ್ಮಪ್ಪಂದು. ಕದ್ದಿದ್ದು."

"ಇದನ್ನ ಕದ್ದು ಯಾರು ಏನ್ ಮಾಡ್ತಾರೆ? ಇದು ವಾಚ್‌ಮನ್‌ನ ಕಾಯೋ ಗಡಿಯಾರ. ಫ್ಯಾಕ್ಟ್ರಿ ಸುತ್ತ ಆರು ಮೂಲೇಲಿ ಆರು ಕೀ, ಸರಪಳಿ ಹಾಕಿ ಗೋಡೆಗೆ ಕಟ್ಟಿರ್ತಾರೆ. ಗಂಟೆಗೊಂದು ಸಲ ಇದನ್ನ ಹೊತ್ಕೊಂಡು ಹೋಗಿ ಈ ತೂತಲ್ಲಿ ಆ ಕೀ ತಿರುಗಿಸ್ಬೇಕು. ಒಳಗಿರೋ ಕಾಗದದ ಮೇಲೆ ಎಷ್ಟೊತ್ತಿಗೆ ಎಲ್ಲಿದ್ದ ಅಂತ ನಂಬರ್ ಒತ್ತತ್ತೆ. ಮಲಗಿದ್ರೆ ಕಾಗದ ಖಾಲಿ."

"ತೆಗೀರಿ."

"ಇದರ ಬೀಗದ ಕೈ ಮೇಲಿನವ್ರ ಹತ್ರ ಇರೋದು, ಕಾಯೋನಿಗೆ ಕೊಡಲ್ಲ. ಯೋಚ್ನೆ ಮಾಡು. ಮುಚ್ಚಳ ಎತ್ತಿದ್ರೂ ಒಂದು ಸೂಜಿ ಕಾಗದಕ್ಕೆ ಚುಚ್ಚತ್ತೆ, ಯಾರೋ ಕೈ ಹಾಕಿದ್ರು ಅಂತ ಗುರುತು. ಆಮೇಲೆ ಈ ಕಾಗದಾನ ಯಾರೂ ಒಪ್ಪಲ್ಲ."

ಅಪ್ಪ ಹದಿನಾರು ವರ್ಷ ಇದನ್ನು ಯಾಕೆ ಒಡೆಯಲಿಲ್ಲ ಎಂಬುದು ಗಿರಿಗೆ ಆಗ ಹೊಳೆಯಿತು. ಒಳಗಿನ ಕಾಗದವೇ ತನ್ನ ಸಾಕ್ಷಿ, ಯಾರಾದರೂ ಸರಿಯಾದ ಬೀಗದ ಕೈ ತಂದು, ನಾಲ್ಕು ಜನರೆದುರು ತೆರೆಯಲಿ ಎಂದು ಕಾದಿದ್ದ ಮುದುಕ. ಯಾರು ಬರುತ್ತಾರೆ? ಫ್ಯಾಕ್ಟರಿಯೇ ಈಗ ಲೇಔಟಾಗಿದೆ.

"ಒಪ್ಪೋರು ಯಾರ್ ಉಳಿದವ್ರೆ ಸಾಬ್ರೇ? ತೆಗೀರಿ."

ಸಾಬರು ಬೀಗದೊಳಗೆ ತಂತಿ ಹಾಕಿ ತಿರುಗಿಸಿದರು. ಮುಚ್ಚಳ ಎದ್ದಿತು. ಒಳಗಿನಿಂದ ಟಕ್ ಎಂದಿತು. ಕಂದಿದ ಕಾಗದದ ಬಿಲ್ಲೆಯನ್ನು ಸಾಬರು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದರು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಒಂದು ಗಂಟೆಯೂ ತಪ್ಪಿರಲಿಲ್ಲ. ಒಂದರಿಂದ ಆರು, ಮತ್ತೆ ಒಂದರಿಂದ ಆರು. ಒಂದೊಂದು ಮೂಲೆಗೂ ನಡೆದುಹೋಗುವಷ್ಟು ಹೊತ್ತು ಬಿಟ್ಟು ಬಿಟ್ಟು ಅಪ್ಪ ಒತ್ತಿದ್ದ. ಗಿರಿ ಬೆರಳಾಡಿಸಿದ. ಅಂಕಿಗಳು ಬೆರಳಿಗೆ ತಗುಲಿದವು.

"ಪೂರಾ ರಾತ್ರಿ ನಡೆದಿದ್ದಾನೆ, ಪಾಪ" ಎಂದರು ಸಾಬರು.

ಗಿರಿ ಮನೆಗೆ ಬಂದು ಬಿಲ್ಲೆಯನ್ನು ತಾಯಿಯ ಅಂಗೈಯಲ್ಲಿಟ್ಟು ಎಲ್ಲವನ್ನೂ ಹೇಳಿದ. ಅವಳು ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

"ನಿಮ್ಮಪ್ಪ ನಂಗೆ ಏಳಿದ್ರು ಕಣೋ" ಎಂದಳು ಆಮೇಲೆ. "ಅವತ್ತು ಮೋಟಾರ್ ಕಳುವಾಗಿತ್ತಂತೆ. ನೀನ್ ಮಲ್ಗಿದ್ದೆ, ಕೆಲ್ಸ ಬಿಟ್ಟು ನಡಿ ಅಂದ್ನಂತೆ ಆ ಸೂಪರ್‌ವೈಸ್ರು. ಡಬ್ಬ ತೆಗ್ದು ನೋಡಿ ಅಂದ್ರೆ ಬೀಗದ ಕೈ ಕಳ್ದೋಗೈತೆ ಅಂದ್ನಂತೆ. ಅದ್ಕೇ ಹೊತ್ಕೊಂಡ್ ಬಂದ್ಬುಟ್ರು. ಇದ್ರೊಳಗೆ ನಾನ್ ಎಚ್ಚರವಾಗಿದ್ದೆ ಅನ್ನೋದೈತೆ ಕಣೇ ಅಂದ್ರು. ನಾನ್ ನಕ್ಬುಟ್ಟೆ. ಡಬ್ಬದೊಳಗೆ ಎಚ್ಚರ ಇರ್ತದಾ ಅಂದೆ. ಆಮೇಲೆ ಬಾಯೇ ಬಿಡ್ಲಿಲ್ಲ."

"ಆ ಸೂಪರ್‌ವೈಸರ್ ರಾಜಾನುಕುಂಟೇಲಿ ಮೂರು ಮಹಡಿ ಕಟ್ಕೊಂಡು ಕೂತವ್ನೆ" ಎಂದ ಗಿರಿ. ಆಗಲೇ ಬಾಗಿಲ ಹೊರಗೆ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದ. "ಕೊರಳಪಟ್ಟಿ ಹಿಡ್ದು ಇವತ್ತು ಅವನ್ನ ಅದೇ ಬೀದೀಲಿ ಕೆಡವ್ತೀನಿ."

"ಓಗಪ್ಪ, ಒಡಿ. ಬ್ಯಾಡ ಅನ್ನಲ್ಲ." ವೆಂಕಟಲಕ್ಷ್ಮಮ್ಮ ಕಾಗದದಿಂದ ಕಣ್ಣೆತ್ತಲಿಲ್ಲ. "ಅವ್ನು ಕಳ್ಳ ಅಂದಿದ್ದು ಒಂದೇ ದಿನ. ಮಿಕ್ಕಿದ್ದೆಲ್ಲ ನಾವೇ ಅಂದಿದ್ದು."

ಗಿರಿ ಇನ್ನೊಂದು ಚಪ್ಪಲಿಯನ್ನು ಹುಡುಕಲಿಲ್ಲ.