ಬೆರಳು ತೋರಿಸು ಚೆನ್ನು

"ಉಜ್ಜು! ಇನ್ನೂ ಉಜ್ಜು, ರಂಡೆ!"

ಧನಿ ತೀರ್ಥರಾಮಯ್ಯ ಹಟ್ಟಿಯ ಬಾಗಿಲಲ್ಲಿ, ದನಗಳ ಪಕ್ಕ, ಗೋಣಿ ಹಾಸಿ ಕೂತು ಬೊಬ್ಬೆ ಹೊಡೆಯುತ್ತಿದ್ದರು. ನಾನು ಅಂಗಳದ ಆಚೆ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಎಡಗೈಯ ತೋರುಬೆರಳಿಗೆ ಬೂದಿ, ಹುಣಸೆಹುಳಿ ಹಾಕಿ ಉಜ್ಜುತ್ತಿದ್ದೆ. ಚರ್ಮ ಎದ್ದುಬಂತು. ಓಟಿನ ಶಾಯಿ ಹೋಗಲಿಲ್ಲ.

"ಹೋಗುದಿಲ್ಲ ಧನಿಗಳೇ. ಸರಕಾರದ್ದಲ್ವಾ."

"ನಾಲಗೆ ಉದ್ದ ಮಾಡ್ಬೇಡ, ಮೂದೇವಿ!"

ಆದದ್ದು ಇಷ್ಟೆ. ಅರುವತ್ತೆರಡರ ಓಟಿನ ದಿನ ಐವರ್ನಾಡಿನ ಶಾಲೆಯಲ್ಲಿ ಹೆಂಗಸರ ಸಾಲಿನಿಂದ ಒಬ್ಬರು, ಗಂಡಸರ ಸಾಲಿನಿಂದ ಒಬ್ಬರು ಅಂತ ಬಿಡುತ್ತಿದ್ದರು. ನಾನು ಹೋದೆ, ಹಿಂದೆಯೇ ಧನಿಗಳು. ಆಫೀಸರು ಕಡ್ಡಿ ಅದ್ದಿ ನನ್ನ ಬೆರಳಿಗೆ ಹಚ್ಚಿದರು. ಅದೇ ಕಡ್ಡಿಯನ್ನು ಮತ್ತೆ ಅದ್ದಿ ಧನಿಗಳ ಬೆರಳಿಗೂ ಹಚ್ಚಿದರು. ನನ್ನ ನೆರಳು ಬಿದ್ದರೂ ಮೀಯುವ ಮನುಷ್ಯ! ಓಟು ಹಾಕುವುದನ್ನೂ ಮರೆತು ಬೆರಳು ಎತ್ತಿಕೊಂಡು ಓಡಿದರು. ನನಗೆ ನಗು ತಡೆಯಲಿಲ್ಲ. ಅದೇ ತಪ್ಪಾದದ್ದು.

ಅದೇ ಸಂಜೆ ಪುರೋಹಿತ ಅಚ್ಚುತ ಭಟ್ಟರು ಧನಿಗಳ ಅಂಗಳದಲ್ಲಿ ಕೆಂಪು ಬಟ್ಟೆಯ ಗಂಟು ಬಿಚ್ಚಿ ಪುಸ್ತಕ ನೋಡಿದರು.

"ಇಂಕಿನ ಸುದ್ದಿ ಇದರಲ್ಲಿ ಇಲ್ಲ. ನೀಲಿಯ ಸುದ್ದಿ ಉಂಟು. ನೀಚರಿಂದ ತಾಗಿದ ಕಲೆ ಅವರ ಮೈಯಲ್ಲಿ ಎಷ್ಟು ದಿನವೋ, ನಿಮಗೂ ಅಷ್ಟು ದಿನ ಮೈಲಿಗೆ. ಮನೆಯೊಳಗೆ ಕಾಲಿಡುವ ಹಾಗಿಲ್ಲ."

"ನನ್ನದು ಹೋದ್ರೆ ಆಗ್ಲಿಕ್ಕಿಲ್ವಾ?"

"ಅವಳದ್ದು ಹೋಗ್ಬೇಕು. ಬರೆದದ್ದು ಹಾಗೆ."

"ಅವಳ ಬೆರಳೇ ಕಡಿದ್ರೆ?"

ನಾನು ಬೆರಳನ್ನು ಸೆರಗಿನೊಳಗೆ ಬಚ್ಚಿಟ್ಟೆ. ಭಟ್ಟರು ಹಾಳೆ ತಿರುಗಿಸಿದರು. "ಕಡಿದ್ರೆ ಕಲೆ ಬೆರಳಲ್ಲೇ ಉಳಿತದೆ. ಕಾಗೆ ಕೊಂಡೋಗಿ ನಿಮ್ಮ ಬಾವಿಗೆ ಹಾಕಿದ್ರೆ?"

ಧನಿಗಳು ಬಾವಿಯ ಕಡೆ ನೋಡಿದರು. "ಹಾಗಾದ್ರೆ ಇವತ್ತೇ ಓಡಿಸ್ತೇನೆ ಇವಳನ್ನು."

"ಓಡಿಸಿದ್ರೆ ಕಲೆ ಹೋದದ್ದನ್ನು ಯಾರು ನೋಡುದು ಮಾರಾಯ್ರೆ? ದಿನಾ ಬೆಳಿಗ್ಗೆ ನೀವೇ ಕಣ್ಣಾರೆ ನೋಡ್ಬೇಕು. ಇಲ್ಲದಿದ್ರೆ ಸಾಯುವವರೆಗೂ ಹಟ್ಟಿಯೇ."

ಧನಿಗಳು ನನ್ನ ಕಡೆ ತಿರುಗಿದರು. "ಕಲೆ ಹೋದ ದಿನ ನಿನ್ನ ಗುಡಿಸಲು ಕಿತ್ತು ಹಾಕಿಸ್ತೇನೆ. ಕೇಳ್ತಾ?"

ಕೇಳಿತು. ಆ ಗುಡಿಸಲಲ್ಲಿ ನನ್ನ ಅತ್ತೆ ಈಶ್ವರಿ, ಇವರದೇ ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದಳು. ಅವಳನ್ನು ಹೊತ್ತುಕೊಂಡು ನಾನು ಎಲ್ಲಿಗೆ ಹೋಗಲಿ?

ದಿನಾ ಬೆಳಿಗ್ಗೆ ಬೆರಳು ತೋರಿಸಿದೆ. ಧನಿಗಳ ಹೆಂಡತಿ ಕಮಲಾವತಿಯಮ್ಮ ನನಗೆ ಎರೆಯುವ ಹಾಗೆಯೇ ಗಂಡನಿಗೂ ದೂರದಿಂದ, ಮೇಲಿನಿಂದ, ತೆಂಗಿನ ಗೆರಟೆಗೆ ಗಂಜಿ ಎರೆದರು. ಗಂಜಿಯೆಲ್ಲ ಧನಿಗಳ ಎದೆಯ ಮೇಲೆ.

"ಎರಡು ಕೈಯಲ್ಲಿ ಹಿಡಿಯಿರಿ ಧನಿಗಳೇ," ಎಂದೆ. ಪಾಪ, ಅಭ್ಯಾಸ ಇಲ್ಲ. ಕಲ್ಲು ಎಸೆದರು.

ಅವರಿಗೆ ಚರ್ಮಕ್ಕೆ ಮಾತ್ರ ತಾಗಿದ್ದು, ತಿಂಗಳೊಳಗೆ ಬೆರಳು ಬಿಳಿಯಾಯಿತು. ನನ್ನದು ಉಗುರಿಗೆ ಹಿಡಿದದ್ದು, ಕಪ್ಪಾಗಿ, ಉಗುರು ಬೆಳೆದ ಹಾಗೆ ಸರಿದು ಸರಿದು, ಬೇಸಗೆ ಮುಗಿಯುವಾಗ ತುದಿಯಲ್ಲಿ ಒಂದು ಗೆರೆ ಉಳಿಯಿತು. ಗುಡಿಸಲು ಕೀಳಲಿಕ್ಕೆ ಹಾರೆ ತರಬೇಕೆಂದು ಆಳು ಡೊಂಬಯ್ಯನಿಗೆ ಹೇಳಿದ್ದೂ ಆಯಿತು.

ಆ ಸಂಜೆ ನಾನು ಗುಡ್ಡೆ ಹತ್ತಿದೆ. ಮಡಿವಾಳರು ಬಟ್ಟೆಗೆ ಗುರುತು ಹಾಕುವ ಕಾಯಿ ಅಲ್ಲಿ ಬಿದ್ದಿರುತ್ತದೆ. ಅದರ ರಸ ತಾಗಿದರೆ ಚರ್ಮ ಸುಡುತ್ತದೆ, ಕಪ್ಪು ಹೋಗುವುದಿಲ್ಲ. ಮುಳ್ಳು ಚುಚ್ಚಿ, ಒಸರಿದ್ದನ್ನು ಉಗುರಿಗೆ ಹಚ್ಚಿದೆ. ಅಯ್ಯೋ, ಉರಿ ಅಂದರೆ ಉರಿ! ಸೆರಗು ಕಚ್ಚಿಕೊಂಡು ಇನ್ನೊಂದು ಸಲ ಹಚ್ಚಿದೆ.

ಬೆಳಿಗ್ಗೆ ಧನಿಗಳು ಮಿಂದು, ಹೊಸ ಪಂಚೆ ಉಟ್ಟು, ಒಂದು ಕಾಲನ್ನು ಮನೆಯ ಮೆಟ್ಟಿಲ ಮೇಲೆ ಇಟ್ಟು ನಿಂತಿದ್ದರು. ಭಟ್ಟರ ಕೈಯಲ್ಲಿ ಪುಸ್ತಕ. ಡೊಂಬಯ್ಯನ ಕೈಯಲ್ಲಿ ಹಾರೆ.

"ಬೆರಳು ತೋರಿಸು, ಚೆನ್ನು!"

ಬಾತ ಬೆರಳು ಎತ್ತಿದೆ. ಉಗುರಿಡೀ ಕಪ್ಪು.

"ಉಂಟು ಧನಿಗಳೇ."

"ನಿನ್ನೆ ಒಂದು ಗೆರೆ ಇದ್ದದ್ದು! ಎಂತ ಮಾಡಿದೆ, ಬೇವರ್ಸಿ?"

"ಎಂತದೇ ಆಗ್ಲಿ. ಕಲೆ ಉಂಟಾ ಇಲ್ವಾ, ಭಟ್ರೇ? ಪುಸ್ತಕ ನೋಡಿ ಹೇಳಿ."

ಭಟ್ಟರು ನನ್ನ ಬೆರಳು ನೋಡಿದರು, ಧನಿಗಳ ಕಾಲು ನೋಡಿದರು, ಪುಸ್ತಕ ಬಿಚ್ಚಲೇ ಇಲ್ಲ.

"ಉಂಟು," ಎಂದರು ಸಣ್ಣ ಸ್ವರದಲ್ಲಿ.

ಧನಿಗಳು ಮೆಟ್ಟಿಲಿಂದ ಕಾಲು ತೆಗೆದರು. ಕಮಲಾವತಿಯಮ್ಮ ಒಳಗಿನಿಂದ ಎರಡು ಗೆರಟೆ ತಂದು ಅಂಗಳದಲ್ಲಿ ಇಟ್ಟರು. ನನ್ನ ಸೊಂಟದ ಗಂಟಿನಲ್ಲಿ ಇನ್ನೂ ಒಂದು ಹಿಡಿ ಕಾಯಿ ಇತ್ತು.