ಹತ್ತೊಂಬತ್ತನೇ ತಾರೀಖಿನ ಬಾಟಲಿ

ಪ್ರೊಫೆಸರನ ವರದಿಯ ಪುಸ್ತಕದ ಕೋಷ್ಟಕದಲ್ಲಿ ಹನ್ನೆರಡು ಸಾಲು ಇರಬೇಕಿತ್ತು, ಹನ್ನೊಂದೇ ಇದ್ದವು. ದುರ್ಗಪ್ಪ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಎಣಿಸಿದ. ಡಿಸೆಂಬರ್ ಹದಿನೆಂಟು ಇತ್ತು, ಇಪ್ಪತ್ತು ಇತ್ತು, ನಡುವಿನ ಹತ್ತೊಂಬತ್ತು ಮಾಯ. ಕೆಳಗೆ ಇರುವೆಯಂಥ ಅಕ್ಷರದಲ್ಲಿ ಒಂದು ಟಿಪ್ಪಣಿ: ತಂತ್ರಜ್ಞನ ಅಜಾಗರೂಕತೆಯಿಂದಾಗಿ ಒಂದು ದಿನದ ಅಳತೆಯನ್ನು ಕೈಬಿಡಲಾಗಿದೆ.

ತಂತ್ರಜ್ಞ ಅಂದರೆ ಬೇರೆ ಯಾರೂ ಅಲ್ಲ, ಅವನೇ. ಸೊಲ್ಲಾಪುರದ ಒಂದು ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಹನಿ ಅಳೆಯುವ ಬ್ಯುರೆಟ್ ಹಿಡಿದ ಕೈ ಅವನದು. ಕೊನೆಯ ಹನಿಯನ್ನೂ ಅರ್ಧ ಮಾಡಿ ಬಿಡಬಲ್ಲ ಆ ಕೈಯನ್ನು ನೋಡಿಯೇ ಪ್ರೊಫೆಸರ್ ಪರಾಗ ಅವನನ್ನು ಅಂಟಾರ್ಕ್ಟಿಕಕ್ಕೆ ಕರೆದುಕೊಂಡು ಹೋಗಿದ್ದ. ಪರಾಗ ವಯಸ್ಸಿನಲ್ಲಿ ಹತ್ತು ವರ್ಷ ಚಿಕ್ಕವನಾದರೂ ಅವನ ಬಾಯಲ್ಲಿ ದುರ್ಗಪ್ಪ ಎಂದೂ ‘ಏ ದುರ್ಗಪ್ಪಾ’. ಅದನ್ನು ಹೇಗೋ ನುಂಗಿಕೊಂಡಿದ್ದ. ಈ ಟಿಪ್ಪಣಿ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಅಲ್ಲಿನ ಕೆಲಸ ಹೇಳಲಿಕ್ಕೆ ಸುಲಭ. ಕಡಲಿನ ಮೇಲೆ ಆಳೆತ್ತರ ಹೆಪ್ಪುಗಟ್ಟಿದ ಮಂಜುಗಡ್ಡೆಯಲ್ಲಿ ತೂತು ಕೊರೆಯಬೇಕು, ಅಡಿಯ ನೀರು ತೆಗೆಯಬೇಕು, ಅದರಲ್ಲಿ ಎಷ್ಟು ಇಂಗಾಲ ಕರಗಿದೆ ಅಂತ ಅಳೆಯಬೇಕು. ಮಾಡಲಿಕ್ಕೆ ಕೂತರೆ ಗೊತ್ತಾಗುತ್ತದೆ. ಗಾಳಿಯ ಒಂದು ಗುಳ್ಳೆ ಸೇರಿದರೂ ಲೆಕ್ಕ ಕೆಟ್ಟಿತು. ನಳಿಕೆಯನ್ನು ಬಾಟಲಿಯ ತಳಕ್ಕೆ ಮುಟ್ಟಿಸಿ ನೀರು ತುಂಬಿ, ತುಂಬಿದ ಮೇಲೂ ಎರಡು ಬಾಟಲಿಯಷ್ಟು ಹೊರಚೆಲ್ಲಿಸಬೇಕು. ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಗಳು ಆಮೇಲೂ ಇಂಗಾಲವನ್ನು ತಿನ್ನುತ್ತ, ಬಿಡುತ್ತ ಇರುತ್ತವೆ, ಅವನ್ನು ಅಲ್ಲಿಯೇ ಕೊಲ್ಲಲಿಕ್ಕೆ ಪಾದರಸದ ಲವಣದ ದ್ರಾವಣ ಒಂದಿಷ್ಟು ಹಾಕಬೇಕು. ಅದು ಅಪ್ಪಟ ವಿಷ. ಆಮೇಲೆ ಗಾಜಿನ ಬಿರಡೆಗೆ ಗ್ರೀಸು ಸವರಿ, ತಿರುವಿ ಕೂರಿಸಬೇಕು. ಗ್ರೀಸು ಸವರಲು ಕೈಗವಸು ಕಳಚಬೇಕಾಗುತ್ತಿತ್ತು, ಬೆರಳು ತನ್ನವೋ ಪರರವೋ ತಿಳಿಯುತ್ತಿರಲಿಲ್ಲ. ಕೊನೆಗೆ ದುರ್ಗಪ್ಪ ಬಾಟಲಿಯ ಕತ್ತಿಗೆ ನೂಲು ಸುತ್ತಿ ಮಗ್ಗದವರ ಗಂಟು ಹಾಕುತ್ತಿದ್ದ. ಅದು ಯಾವ ಪುಸ್ತಕದಲ್ಲೂ ಇಲ್ಲ. ಅವನ ಅಪ್ಪ ಸಿದ್ಧರಾಮ ಸೊಲ್ಲಾಪುರದ ಗಿರಣಿಯಲ್ಲಿದ್ದಾಗ ಮಗನಿಗೆ ಕಲಿಸಿದ ಗಂಟು ಅದು.

ಪರಾಗ ಆ ಎರಡು ತಿಂಗಳಲ್ಲಿ ಮಂಜಿನ ಮೇಲೆ ಕಾಲಿಟ್ಟದ್ದು ಎರಡು ಸಲ, ಎರಡೂ ಸಲ ಫೋಟೊಕ್ಕೆ.

ನೀರು ತೆಗೆದದ್ದು ಹನ್ನೆರಡು ದಿನ, ದಿನಕ್ಕೆ ಎರಡು ಬಾಟಲಿ. ಒಂದನ್ನು ಅಲ್ಲಿಯೇ ಅಳೆಯುವುದು, ಇನ್ನೊಂದನ್ನು ಮರುಪರೀಕ್ಷೆಗೆ ಊರಿಗೆ ತರುವುದು. ಉಳಿದ ದಿನಗಳ ಅಂಕಿ ಎರಡು ಸಾವಿರದ ನೂರ ತೊಂಬತ್ತರ ಆಸುಪಾಸು ಬಂದರೆ, ಹತ್ತೊಂಬತ್ತರಂದು ಬಂದದ್ದು ಎರಡು ಸಾವಿರದ ಮೂವತ್ತೆಂಟು. ಆ ದಿನ ಹೊಸ ಜಾಗದಲ್ಲಿ ತೂತು ಕೊರೆದಿದ್ದರು. ಮೇಲೆತ್ತಿದ ಮಂಜಿನ ತುಂಡಿನ ತಳ ಚಹಾದ ಬಣ್ಣಕ್ಕೆ ತಿರುಗಿದ್ದನ್ನು ದುರ್ಗಪ್ಪ ಕಣ್ಣಾರೆ ಕಂಡಿದ್ದ, ಅದು ಪಾಚಿ. ನೀರಿನ ಇಂಗಾಲವನ್ನು ಅದೇ ತಿಂದು ಹಾಕಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದೂ ಇಟ್ಟಿದ್ದ. ಪರಾಗ ಅದನ್ನು ಓದಲೂ ಇಲ್ಲ, ಕೇಳಲೂ ಇಲ್ಲ. ಅಂಕಿ ತನ್ನ ನಕ್ಷೆಯ ಗೆರೆಗೆ ಕೂಡಲಿಲ್ಲ, ಹೊಡೆದು ಹಾಕಿದ.

ಊರಿಗೆ ಬಂದ ಹನ್ನೆರಡು ಬಾಟಲಿಗಳಲ್ಲಿ ಹನ್ನೊಂದರ ಮರುಪರೀಕ್ಷೆ ಮುಗಿದಿತ್ತು. ಅಳೆಯುವ ಯಂತ್ರವಿದ್ದದ್ದು ಸೊಲ್ಲಾಪುರದ್ದೇ ಇನ್ನೊಂದು ಪ್ರಯೋಗಾಲಯದಲ್ಲಿ, ನೋಡಿಕೊಳ್ಳುವವಳು ಶ್ರೀಲೇಖಾ ಎಂಬ ಹುಡುಗಿ. ಕೈಬಿಟ್ಟ ದಿನದ ಬಾಟಲಿ ಯಾಕೆ ಎಂದು ಹನ್ನೆರಡನೆಯದನ್ನು ಪರಾಗ ಕಪಾಟಿನಲ್ಲೇ ಬಿಟ್ಟಿದ್ದ. ದುರ್ಗಪ್ಪ ಹೋಗಿ ಟಿಪ್ಪಣಿ ತೋರಿಸಿದಾಗ ಶ್ರೀಲೇಖಾ, “ಸೋಮವಾರ ತಗೊಂಡು ಬರ್ರಿ ಕಾಕಾ, ನಾ ಯಂತ್ರಕ್ಕ ಹಚ್ಚಿ ನೋಡ್ತೀನಿ” ಎಂದಳು. ಅವನ ಇಪ್ಪತ್ತೆರಡು ವರ್ಷದ ಮಾನ ಈಗ ಆ ಒಂದು ಬಾಟಲಿಯಲ್ಲಿತ್ತು.

ಅದಕ್ಕಿಂತ ಒಂದು ದಿನ ಮೊದಲು, ಭಾನುವಾರ, ಪರಾಗನ ಊರಾದ ಅಕ್ಕಲಕೋಟದಲ್ಲಿ ಅವನಿಗೆ ಸತ್ಕಾರ. ನಡೆಸುವವನು ಅವನ ಸೋದರಮಾವ ವಿಶ್ವನಾಥ, ತಹಶೀಲಿ ಕಚೇರಿಯಿಂದ ನಿವೃತ್ತನಾದವ. ಆಮಂತ್ರಣದ ಕೊನೆಯಲ್ಲಿ ‘ಮತ್ತು ಸಹಾಯಕರು’ ಎಂದಿತ್ತು. ದುರ್ಗಪ್ಪ ಹೋಗುವವನಲ್ಲ. ಆದರೆ ಆ ಎರಡು ಶಬ್ದ ಕೇಳಿಯೇ ಅವನ ತಾಯಿ ಭಾಗಾಬಾಯಿ ಚಪಳಗಾಂವದಿಂದ ಎಸ್‌ಟಿ ಬಸ್ಸು ಹಿಡಿದು ಬಂದುಬಿಟ್ಟಿದ್ದಳು. ಟಿಪ್ಪಣಿಯ ವಿಷಯ ಅವಳಿಗೆ ಹೇಳಿರಲಿಲ್ಲ. ಏನಂತ ಹೇಳುವುದು?

ಮಂಗಲ ಕಾರ್ಯಾಲಯದ ಬಾಗಿಲಲ್ಲಿ ವಿಶ್ವನಾಥನ ಹೆಂಡತಿ ಕಾಶೀಬಾಯಿ ಎದುರಾಗಿ, “ಬರ್ರಿ ಬರ್ರಿ, ಮುಂದ ಕುಂದರ್ರಿ. ನಿಮ್ಮ ಮಗಾನೂ ಜೋಡಿ ಹೋಗಿದ್ನಲ್ರಿ, ತೀರ್ಥ ಮೊದಲ ನಿಮಗs ಕೊಡ್ತೀನಿ” ಎಂದು ಮುದುಕಿಯ ಕೈಹಿಡಿದು ಮೊದಲ ಸಾಲಿನಲ್ಲಿ ಕೂರಿಸಿದಳು. ಒಳ್ಳೆಯ ಹೆಂಗಸು, ಅವಳದೇನೂ ತಪ್ಪಿಲ್ಲ.

ಯಾವ ತೀರ್ಥ ಎಂದು ದುರ್ಗಪ್ಪ ವೇದಿಕೆಯತ್ತ ನೋಡಿದ. ರೇಶ್ಮೆ ಬಟ್ಟೆ ಹಾಸಿದ ಮೇಜು, ಅದರ ಮೇಲೆ ತೆಂಗಿನಕಾಯಿ, ಅರಿಶಿನ ಕುಂಕುಮ, ಬೆಳ್ಳಿಯ ಪಂಚಪಾತ್ರೆ, ಉದ್ಧರಣೆ. ನಡುವೆ, ಕತ್ತಿಗೆ ಚೆಂಡುಹೂವಿನ ಮಾಲೆ ಹಾಕಿಸಿಕೊಂಡು, ಅವನದೇ ಗಂಟು ಹೊತ್ತ ಆ ಹತ್ತೊಂಬತ್ತರ ಬಾಟಲಿ. ಲೇಬಲ್ಲಿನ ಮೇಲೆ ಪರಾಗನ ಫೋಟೊ ಇರುವ ಬಣ್ಣದ ಸ್ಟಿಕರ್ ಅಂಟಿಸಿದ್ದರು. ಊರ ಕೆರೆ ತುಂಬಿದರೆ, ನಳ ಬಂದರೆ, ಬೋರಿಗೆ ನೀರು ಬಿದ್ದರೆ ಜಲಪೂಜೆ ಮಾಡುವ ಜನ. ಭೂಮಿಯ ತುದಿಯಿಂದ ನೀರು ಬಂದರೆ ಬಿಟ್ಟಾರೆಯೇ?

ದುರ್ಗಪ್ಪನ ಮೈಯೆಲ್ಲ ಉರಿದುಹೋಯಿತು. ಬೇಕೆಂದೇ ತಂದನೇ ಈ ಪರಾಗ, ಸಾಕ್ಷಿ ಅಳಿಸಲಿಕ್ಕೆ? ಅಲ್ಲ. ಅಷ್ಟು ಯೋಚನೆಯೂ ಇವನಿಗಿಲ್ಲ. ಕಪಾಟಿನಲ್ಲಿ ಬಿರಡೆ ಬಿಚ್ಚದ ಬಾಟಲಿ ಅದೊಂದೇ ಇತ್ತು, ಎತ್ತಿಕೊಂಡು ಬಂದಿದ್ದಾನೆ. ಅದರ ಮೇಲಿನ ತಾರೀಖನ್ನು ಕೂಡ ನೋಡಿಲ್ಲ. ದುರ್ಗಪ್ಪನಿಗೆ ಇದು ಅದಕ್ಕಿಂತ ದೊಡ್ಡ ಅವಮಾನ ಎನ್ನಿಸಿತು.

ಪರಾಗ ಮೈಕು ಹಿಡಿದಿದ್ದ. “ಉಣೇ ವೀಸ್, ಅಂದ್ರ ಶೂನ್ಯದ ಕೆಳಗ ಇಪ್ಪತ್ತು ಡಿಗ್ರಿ ಥಂಡಿಯೊಳಗ, ಬರಫದ ಮ್ಯಾಲ ಬೋರಲು ಬಿದ್ದು, ಈ ನೀರು ನಾ ಸ್ವತಃ ನನ್ನ ಕೈಲೆ ತುಂಬೀನಿ. ಜಗತ್ತಿನೊಳಗ ಇಷ್ಟು ಶುದ್ಧ ನೀರು ಎಲ್ಲೂ ಸಿಗಂಗಿಲ್ಲ” ಎಂದ. ಜನ ಚಪ್ಪಾಳೆ ತಟ್ಟಿದರು. ಭಾಗಾಬಾಯಿಯೂ ತಟ್ಟಿದಳು.

ಪರಾಗ ನೂಲಿನ ಗಂಟು ಬಿಚ್ಚಲು ಹೋದ, ಬರಲಿಲ್ಲ. ಯಾರೋ ಕತ್ತರಿ ಕೊಟ್ಟರು, ಕತ್ತರಿಸಿದ. ಬಿರಡೆ ಎಳೆದ. ಗ್ರೀಸು ಹಿಡಿದ ಬಿರಡೆ ಎಳೆದರೆ ಬರುತ್ತದೆಯೇ? ಬಾಟಲಿಯನ್ನು ತೊಡೆಯ ನಡುವೆ ಇರುಕಿಕೊಂಡು ಮತ್ತೆ ಎಳೆದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸ್ವತಃ ಮುಚ್ಚಿದವನಿಗೆ ಬಿಚ್ಚಲು ಬಾರದ್ದು ಕೆಲವರಿಗಾದರೂ ಕಂಡಿರಬೇಕು. ಪರಾಗ ಬೆವರು ಒರೆಸಿಕೊಂಡು ಸಭೆಯಲ್ಲಿ ಕಣ್ಣಾಡಿಸಿದ.

“ಏ ದುರ್ಗಪ್ಪಾ, ಇಕಡೆ ಬಾರೋ. ಜರಾ ಇದರ ಬೂಚ ತಗಿ.”

ಭಾಗಾಬಾಯಿ ಹಿಗ್ಗಿ, “ಹೋಗೋ, ಕರಿಲಿಕತ್ತಾರ” ಎಂದು ಮಗನನ್ನು ತಿವಿದಳು. ಅವಳ ಬಲ ಅಂಗೈ ಆಗಲೇ ತೀರ್ಥಕ್ಕೆ ಗುಳಿಯಾಗಿತ್ತು.

ದುರ್ಗಪ್ಪ ವೇದಿಕೆ ಹತ್ತಿದ. ಬಾಟಲಿ ಅವನ ಕೈಗೆ ಬಂತು. ಅಂಗೈಯಲ್ಲಿ ಕತ್ತನ್ನು ಎರಡು ನಿಮಿಷ ಬೆಚ್ಚಗೆ ಹಿಡಿದು ಒಂದು ಸುತ್ತು ತಿರುವಿದರೆ ಬಿರಡೆ ಬರುತ್ತದೆ, ಅವನಿಗೆ ಗೊತ್ತು. ಅವನು ತಿರುವಲಿಲ್ಲ. ಮೈಕಿನ ಹತ್ತಿರ ಸರಿದು ನಿಂತ.

“ಸರ, ಒಂದು ಮಾತು ವಿಚಾರ್ತೀನ್ರಿ. ಈ ನೀರು ನೀವs ತುಂಬೀರಿ ಅಂದ್ರಿ. ತುಂಬಿದ ಮ್ಯಾಲ ಇದರಾಗ ಏನು ಹಾಕೀರಿ?”

ಪರಾಗ ನಕ್ಕ. “ಏನ ಹಾಕೋದೋ ಮಾರಾಯಾ? ನುಸ್ತಾ ನೀರು ಅದು, ಬರೀ ನೀರು. ತಗಿ ಲೌಕರ, ಮಂದಿ ಕಾಯಾಕತ್ತಾರ.”

“ನುಸ್ತಾ ನೀರು?”

“ಹೂಂ!”

“ಹಂಗಾರ ಮೊದಲಿನ ಚಮಚ ನಿಮಗs ಕೊಡ್ಲ್ಯಾ?” ದುರ್ಗಪ್ಪ ಬಾಟಲಿಯನ್ನು ಸಭೆಗೆ ಕಾಣುವಂತೆ ಎತ್ತಿ ಹಿಡಿದ. “ಇದರಾಗ ವಿಷ ಐತ್ರಿ ಸರ. ಪಾದರಸದ ವಿಷ. ನಾ ಹಾಕೀನಿ, ಹಾಕಲೇಬೇಕಾಗಿತ್ತು. ನಿಮ್ಮ ಪುಸ್ತಕದ ಎರಡನೇ ಪಾನಾದಾಗ ಬರದದ. ನನ್ನ ವಹೀ ನೋಡಿ ನೀವs ಇಳಿಸ್ಕೊಂಡದ್ದು. ಅದನ್ನೂ ಓದಿಲ್ಲೇನ್ರಿ?”

ಒಂದು ಚಮಚಕ್ಕೆ ಮನುಷ್ಯ ಸಾಯುತ್ತಾನೋ ಇಲ್ಲವೋ, ಹೊಟ್ಟೆಗೆ ಹೋಗಬಾರದ ವಸ್ತು ಅದು. ಕಾಶೀಬಾಯಿಯ ಕೈಯಿಂದ ಉದ್ಧರಣೆ ಜಾರಿ ಮೇಜಿಗೆ ಬಡಿಯಿತು. ವಿಶ್ವನಾಥ ಎದ್ದು, “ಏನೋ ಇದು, ನಡು ಕಾರ್ಯಕ್ರಮದಾಗ! ವಿಷ ಅಂದ್ರ ಮ್ಯಾಲ ಬರೀಬೇಕೋ ಬ್ಯಾಡೋ?” ಎಂದು ದುರ್ಗಪ್ಪನ ಮೇಲೇ ಹರಿಹಾಯ್ದ.

“ಬರದೀನ್ರಿ ಸಾಹೇಬರ.” ದುರ್ಗಪ್ಪ ಉಗುರು ಹಾಕಿ ಸ್ಟಿಕರ್ ಕಿತ್ತ. ಪರಾಗನ ನಗುಮುಖ ಹಾಳೆಯ ಜೊತೆ ಸುರುಳಿ ಸುತ್ತಿಕೊಂಡು ಬಂತು. ಅಡಿಯಲ್ಲಿ ಕೆಂಪು ಮಸಿಯ ಲೇಬಲ್: ವಿಷ, ಬಿಚ್ಚಬಾರದು. ಹತ್ತೊಂಬತ್ತು ಡಿಸೆಂಬರ್, ಬೆಳಿಗ್ಗೆ ಏಳೂ ಇಪ್ಪತ್ತು. ನೀರು ತೆಗೆದವರು: ದುರ್ಗಪ್ಪ. ವಿಶ್ವನಾಥ ಕನ್ನಡಕ ಏರಿಸಿ ಓದಿದ. ಎರಡನೇ ಸಲ ಓದಿ, ಸೋದರಳಿಯನ ಮುಖ ನೋಡಿ ಕುರ್ಚಿಯಲ್ಲಿ ಕೂತ.

“ಕೇಳ್ರಿ ಮಂದಿ,” ಎಂದ ದುರ್ಗಪ್ಪ. ಇಷ್ಟು ವರ್ಷ ನುಂಗಿದ್ದೆಲ್ಲ ಒಮ್ಮೆಗೇ ಬಾಯಿಗೆ ಬಂದಿತ್ತು. “ಈ ಬಾಟಲಿ ತುಂಬೂದರಾಗ ನಂದು ಚೂಕ ಆಗೇತಿ, ತಪ್ಪು ನಂದು ಅಂತ ಸರ ಪುಸ್ತಕದಾಗ ಬರದಾರ. ಚೂಕ ಇದ್ದಾಗ ನೀರು ನಂದು, ಸತ್ಕಾರ ಇದ್ದಾಗ ನೀರು ಅವರದು. ಇವತ್ತ ನಾ ಇಲ್ಲಿ ಇರದಿದ್ರ ಮೊದಲ ಚಮಚ ಯಾರ ಕೈಯಾಗ ಬೀಳ್ತಿತ್ತು ನೋಡ್ರಿ. ಅಲ್ಲಿ ಕುಂತಾಳ ನಮ್ಮವ್ವ.”

ಎಲ್ಲರೂ ತಿರುಗಿ ನೋಡಿದರು. ಭಾಗಾಬಾಯಿಯ ಅಂಗೈ ಇನ್ನೂ ತೀರ್ಥಕ್ಕೆ ಒಡ್ಡಿದಂತೆಯೇ ಇತ್ತು. ಅವಳು ಅದನ್ನು ನಿಧಾನ ಸೀರೆಗೆ ಒರೆಸಿಕೊಂಡು ಎದ್ದಳು. “ನಡಿಯೋ ಎಪ್ಪಾ. ನಿನ್ನ ಬಾಟ್ಲಿ ತಗೊಂಡು ನಡಿ,” ಎಂದಳು.

ಮೊದಲ ಎಸ್‌ಟಿಗೆ ಸೊಲ್ಲಾಪುರಕ್ಕೆ ಬಂದರು. ದಾರಿಯುದ್ದಕ್ಕೂ ಬಾಟಲಿ ದುರ್ಗಪ್ಪನ ತೊಡೆಯ ಮೇಲೆ, ಅವನ ಹೆಬ್ಬೆರಳು ಬಿರಡೆಯ ಮೇಲೆ. ನವಿ ಪೇಠದಲ್ಲಿ ಇಳಿದು ನೂಲಿನ ಉಂಡೆ ಕೊಂಡು, ಅಂಗಡಿಯ ಕಟ್ಟೆಯ ಮೇಲೇ ಕೂತು ಮತ್ತೆ ಗಂಟು ಹಾಕಿದ. ಗಂಡನ ಗಂಟನ್ನು ಭಾಗಾಬಾಯಿ ಗುರುತಿಸಿದಳು, ಬಿಗಿಯಾಗಿದೆಯೋ ಎಂದು ಒಮ್ಮೆ ಮುಟ್ಟಿಯೂ ನೋಡಿದಳು.

ಸೋಮವಾರ ಶ್ರೀಲೇಖಾ ಬಿರಡೆಯನ್ನು ದೀಪಕ್ಕೆ ಹಿಡಿದು ತಿರುಗಿಸಿ ನೋಡಿದಳು. ಗ್ರೀಸಿನಲ್ಲಿ ಎಲ್ಲೂ ಬಿರುಕಿಲ್ಲ, ಗಾಳಿ ಹೋಗಿಲ್ಲ. ಮೂರು ಸಲ ಅಳೆದಳು. ಎರಡು ಸಾವಿರದ ನಲವತ್ತು, ಮೂವತ್ತೇಳು, ಮೂವತ್ತೊಂಬತ್ತು. “ಕಾಕಾ, ನಿಮ್ಮ ಅಂಕಿ-ಆಕಡಾ ಬರೋಬ್ಬರಿ ಅದರಿ” ಎಂದು ಕಾಗದಕ್ಕೆ ಸಹಿ ಮಾಡಿ, ಪರಾಗನಿಗೂ ಒಂದು ಪ್ರತಿ ಕಳಿಸಿದಳು.

ಸಂಜೆ ಪರಾಗನ ಫೋನು ಬಂತು. ಈ ಸಲ ‘ಏ’ ಇರಲಿಲ್ಲ. “ದುರ್ಗಪ್ಪಾ, ಆ ಸಾಲು ವಾಪಸ್ ಹಾಕಸ್ತೀನಿ. ಕೆಳಗಿನ ಟಿಪ್ಪಣಿನೂ ತಗಸ್ತೀನಿ. ಇನ್ನ ಅದನ್ನ ಅಲ್ಲೇ ಬಿಡು.”

“ಸಾಲು ಹಾಕ್ರಿ ಸರ,” ಎಂದ ದುರ್ಗಪ್ಪ. “ಟಿಪ್ಪಣಿ ಮಾತ್ರ ತಗೀಬ್ಯಾಡ್ರಿ, ಇರಲಿ. ಅಜಾಗರೂಕತೆಯಿಂದ ಒಂದು ದಿನದ ಅಳತಿ ಬಿಟ್ಟಿದ್ದು ಖರೇನ ಐತಲ್ರಿ. ತಂತ್ರಜ್ಞ ಅಂತ ಇದ್ದಲ್ಲಿ ಪ್ರೊಫೆಸರ್ ಅಂತ ಬರೀರಿ, ಅಷ್ಟs.”