ಸ್ಲಾವಾ ದಿನದ ಅತಿಥಿ

ಆ ಮಾತನ್ನು ಆಡಿದವನು ಒಬ್ಬನೇ. ಅದನ್ನು ಖಂಡಿಸುವ ನೆಪದಲ್ಲಿ ಮತ್ತೆ ಮತ್ತೆ ಬಾಯಿ ಚಪ್ಪರಿಸಿದವರು ಮಾತ್ರ ಇಡೀ ಊರಿನ ಜನ.

ಮೊರಾವಾ ನದಿಯ ದಂಡೆಯ ಆ ಪಟ್ಟಣದ ಶಾಲೆಯಲ್ಲಿ ಮೂವತ್ತು ವರ್ಷ ಚರಿತ್ರೆ ಕಲಿಸಿ ನಿವೃತ್ತರಾಗಿದ್ದ ಮಿಲಿಸಾವ್ ಮೇಷ್ಟ್ರು ಅದನ್ನು ಕೇಳಿದ್ದು ತಮ್ಮ ಮನೆಯ ಟಿ.ವಿ.ಯಲ್ಲೇ. ಊರಿನ ಮಹಿಳಾ ಹ್ಯಾಂಡ್‌ಬಾಲ್ ತಂಡ ರಾಜಧಾನಿಯ ತಂಡದೆದುರು ಆಡುತ್ತಿತ್ತು. ತಂಡದ ನಾಯಕಿ ಅವರ ಒಬ್ಬಳೇ ಮಗಳು ತಿಯಾನಾ. ಅವಳು ಎದುರಾಳಿಗಳಿಬ್ಬರನ್ನು ಭುಜದಿಂದಲೇ ಸರಿಸಿಕೊಂಡು ನುಗ್ಗಿ ಗೋಲು ಹೊಡೆದಾಗ, ದೇಶವೆಲ್ಲ ಗುರುತಿಸುವ ಧ್ವನಿಯ ವೀಕ್ಷಕ ವಿವರಣೆಗಾರ ಬ್ರಾನಿಸ್ಲಾವ್ ತೊಶಿಚ್ ನಕ್ಕು ಹೇಳಿದ: "ಈ ತಂಡದಲ್ಲಿ ಯಾರನ್ನ ಮದ್ವೆಯಾದ್ರೂ ಟ್ರ್ಯಾಕ್ಟರ್ ಖರ್ಚು ಉಳೀತು ಬಿಡಿ. ಆದ್ರೆ ರಾತ್ರಿ ದೀಪ ಆರಿಸ್ಕೊಂಡೇ ಕೋಣೆಗೆ ಹೋಗ್ಬೇಕು."

ಮೇಷ್ಟ್ರ ತಾಯಿ ದಾರಿಂಕಜ್ಜಿ ಹೆಣೆಯುತ್ತಿದ್ದ ಸ್ವೆಟರನ್ನು ಕೆಳಗಿಟ್ಟಳು. "ಏನಂದ ಅವ್ನು?" ಎಂದು ಕೇಳಿದಳು. ಅಂಥ ಮಾತನ್ನು ತಾಯಿಯೆದುರು ಎರಡನೆಯ ಬಾರಿ ಆಡುವ ನಾಲಿಗೆ ಮೇಷ್ಟ್ರದಾಗಿರಲಿಲ್ಲ.

ಊರಿಗೆ ಆ ಸಂಕೋಚವಿರಲಿಲ್ಲ. ಮರುದಿನ ನಗರಾಧ್ಯಕ್ಷರು ಚೌಕದಲ್ಲಿ ನಿಂತು, ಟ್ರ್ಯಾಕ್ಟರಿನಿಂದ ದೀಪದವರೆಗೆ ಒಂದಕ್ಷರ ಬಿಡದೆ ಅದನ್ನು ಉದ್ಧರಿಸಿ, "ಇದು ನಮ್ಮ ಹೆಣ್ಣುಮಕ್ಕಳಿಗಾದ ಅವಮಾನ" ಎಂದು ಗುಡುಗಿದರು. ಮಾಂಸದಂಗಡಿಯ ಸ್ತೊಯಾನ್, ಒಂದು ಕಾಲದಲ್ಲಿ ಮೇಷ್ಟ್ರ ತರಗತಿಯ ಕೊನೆಯ ಬೆಂಚಿನವನು, "ತೊಶಿಚ್‌ಗೆ ಇಲ್ಲಿ ಮಾಂಸವಿಲ್ಲ, ಎಲುಬೂ ಇಲ್ಲ" ಎಂದು ಬಾಗಿಲಿಗೆ ಹಲಗೆ ತೂಗಿಹಾಕಿದ. ಟಿ.ವಿ. ವಾಹಿನಿಯ ಸ್ಥಳೀಯ ಕಚೇರಿಯ ಗೋಡೆಯ ಮೇಲೆ ಮೊಟ್ಟೆಗಳು ಒಡೆದವು. ವಾಹಿನಿಯವರು ಹೆದರಿ, ತನಿಖೆ ಮುಗಿಯುವ ತನಕ ತೊಶಿಚ್‌ನನ್ನು ಕೆಲಸದಿಂದ ದೂರವಿಟ್ಟರು.

ಹುಡುಗಿಯರು ಕೇಳಿದ್ದು ಇದಾವುದನ್ನೂ ಅಲ್ಲ. ಅವರು ಒಟ್ಟಾಗಿ ಕೂತು ಒಂದೇ ನಿರ್ಧಾರ ಮಾಡಿದರು: ಹೂಗುಚ್ಛ ಬೇಡ, ಕೈಕುಲುಕುವುದು ಬೇಡ, ಖಾಸಗಿ ಭೇಟಿಯಂತೂ ಬೇಡವೇ ಬೇಡ. ಯಾವ ಮೈಕಿನಲ್ಲಿ ಆ ಮಾತು ಬಂತೋ ಅದೇ ಮೈಕಿನಲ್ಲಿ ಅವನು ಕ್ಷಮೆ ಕೇಳಬೇಕು. ಅಲ್ಲಿಯವರೆಗೆ ತಂಡದ ಯಾರೊಬ್ಬರೂ ಅವನ ಮುಖ ನೋಡಕೂಡದು.

"ಇದನ್ನ ಕಲಿಸಿದ್ದು ನೀನೇ ಅಪ್ಪಾ," ಎಂದಳು ತಿಯಾನಾ. "ಕ್ಲಾಸಿನೆದುರು ಬೈದೋನು ಕ್ಲಾಸಿನೆದುರೇ ತಪ್ಪಾಯ್ತು ಅನ್ಬೇಕು, ಸ್ಟಾಫ್ ರೂಮಿಗೆ ಬಂದು ಪಿಸುಗುಟ್ಟಿದ್ರೆ ಆಗಲ್ಲ ಅಂತ."

ಮೇಷ್ಟ್ರ ಎದೆ ಹೆಮ್ಮೆಯಿಂದ ಉಬ್ಬಿತು. ಸ್ತೊಯಾನನಿಗೆ ಅಂಥ ಶಿಕ್ಷೆಯನ್ನು ತಾವು ಎಷ್ಟು ಸಲ ಕೊಟ್ಟಿದ್ದರೆಂಬುದೂ ನೆನಪಾಯಿತು.

ಆದರೆ ಜನರ ಕೋಪಕ್ಕೆ ಬೇರಿರಲಿಲ್ಲ. ಅಕ್ಟೋಬರ್ ಮುಗಿಯುವ ಹೊತ್ತಿಗೆ ಅದು ಬಳಲಿತು, ಬಳಲಿದ್ದೇ ತನ್ನ ದಿಕ್ಕನ್ನು ಬದಲಿಸಿತು. ತೊಶಿಚ್ ಇಲ್ಲದ ಪಂದ್ಯಗಳು ಉಪ್ಪಿಲ್ಲದ ಸಾರಿನಂತಿವೆ ಎಂದರು. ಪಾಪ, ತಮಾಷೆಯ ಮನುಷ್ಯ, ಬಾಯಿ ಜಾರಿತು ಎಂದರು. ಕಾಫಿ ಅಂಗಡಿಯಲ್ಲಿ ಸ್ತೊಯಾನ್ ಮೇಷ್ಟ್ರ ಪಕ್ಕಕ್ಕೇ ಕುರ್ಚಿ ಎಳೆದುಕೊಂಡ.

"ಮೇಷ್ಟ್ರೇ, ನಿಮ್ಮ ಹುಡುಗಿ ಸ್ವಲ್ಪ ಜಾಸ್ತೀನೇ ಬಿಗೀತಾ ಇದಾಳೆ. ಅವನೂ ಹೊಟ್ಟೆಪಾಡಿನೋನು."

"ನಿನ್ನ ಬಾಗಿಲ ಹಲಗೆ ಎಲ್ಲಿ ಹೋಯ್ತೋ, ಸ್ತೊಯಾನ್?"

"ಗಾಳಿಗೆ ಬಿತ್ತು."

"ಗಾಳಿ ಯಾವ ಕಡೆಯಿಂದ ಬೀಸ್ತು ಅಂತ ನಂಗೊತ್ತು," ಎಂದು ಮೇಷ್ಟ್ರು ಎದ್ದುಬಂದರು. ಆ ದಿನ ಅವರಿಗೆ ತಮ್ಮ ಮೇಲೆ ಸಂಪೂರ್ಣ ನಂಬಿಕೆಯಿತ್ತು.

ನವೆಂಬರಿನಲ್ಲಿ ಸಂತ ದಿಮಿತ್ರಿಯ ದಿನ ಬಂತು. ಅದು ಮೇಷ್ಟ್ರ ಮನೆಯ ಸ್ಲಾವಾ. ಅಜ್ಜಂದಿರ ಕಾಲದಿಂದ ವಂಶವನ್ನು ಕಾಯುವ ಸಂತನ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಬಂದವರನ್ನು ಕಳಿಸುವ ಪದ್ಧತಿಯೂ ಇಲ್ಲ. ವೈರಿಯಾದರೂ ಸರಿ, ಅಂದು ಹೊಸ್ತಿಲು ತುಳಿದವನಿಗೆ ಮನೆಯ ಹೆಣ್ಣುಮಗಳು ಮೊದಲು ಬೇಯಿಸಿದ ಸಿಹಿಗೋಧಿಯ ತಟ್ಟೆ ಹಿಡಿಯಬೇಕು. ಅವನು ಶಿಲುಬೆಯ ಗುರುತು ಮಾಡಿಕೊಂಡು ಒಂದು ಚಮಚ ಬಾಯಿಗಿಟ್ಟ ಮೇಲೆ ಹಣ್ಣಿನ ಸಾರಾಯಿ ರಾಕಿಯಾ, ಆಮೇಲೆ ಊಟ. ಸಂತನ ಚಿತ್ರದೆದುರು ಮೇಣದಬತ್ತಿ ಉರಿಯುತ್ತಿತ್ತು. ಎಲೆಕೋಸಿನ ಎಲೆಯಲ್ಲಿ ಮಾಂಸ ಸುತ್ತಿದ ಸರ್ಮಾ ಒಲೆಯ ಮೇಲೆ ಕುದಿಯುತ್ತಿತ್ತು. ಸ್ತೊಯಾನನೂ ಬಂದು ಮೂರನೆಯ ಲೋಟದಲ್ಲಿದ್ದ. ಆಗ ಕರೆಗಂಟೆ ಸದ್ದು ಮಾಡಿತು.

ಬಾಗಿಲು ತೆರೆದರೆ ತೊಶಿಚ್. ಕೈಯಲ್ಲಿ ವೈನ್ ಬಾಟಲಿ, ಹೊಸ ಕೋಟು, ತಗ್ಗಿಸಿದ ತಲೆ. ಅವನ ಹಿಂದೆ ಮೆಟ್ಟಿಲ ಮೇಲೆ ಕ್ಯಾಮೆರಾ ಹೊತ್ತ ಒಬ್ಬ.

"ಹಬ್ಬ ಶುಭವಾಗ್ಲಿ, ಮನೆಯೊಡೆಯಾ," ಎಂದ ಆ ಸುಪ್ರಸಿದ್ಧ ಧ್ವನಿಯಲ್ಲಿ.

ತಿಯಾನಾ ಅಡುಗೆಮನೆಯಿಂದ ಬಂದು ತಂದೆಯ ಬೆನ್ನ ಹಿಂದೆ ನಿಂತಳು.

"ಅಪ್ಪಾ, ಬಾಗ್ಲು ಹಾಕು."

"ಇವತ್ತು ಹಾಕೋ ಹಾಗಿಲ್ಲ ಮಗಳೇ."

"ಅದು ಅವ್ನಿಗೂ ಗೊತ್ತು. ಅದಕ್ಕೇ ಇವತ್ತೇ ಬಂದಿದಾನೆ. ನಿನ್ನೆ ಯಾಕೆ ಬರ್ಲಿಲ್ಲ? ನಾಳೆ ಯಾಕೆ ಬರಲ್ಲ?"

ಮೇಷ್ಟ್ರಿಗೆ ಅದು ಗೊತ್ತಾಯಿತು. ಗೊತ್ತಾಗಲಿಲ್ಲವೆಂದು ಅವರು ಎಂದೂ ಯಾರಿಗೂ ಹೇಳಲಾರರು. ಹಬ್ಬವನ್ನು ಬಂದವನು ಬಲೆಯಾಗಿ ಹೆಣೆದಿದ್ದಾನೆ, ತಮ್ಮ ಹಿರಿಯರ ಧರ್ಮವನ್ನು ಬಾಡಿಗೆಗೆ ಹಿಡಿದಿದ್ದಾನೆ ಎಂದು ಅವರ ಬುದ್ಧಿ ನಿಚ್ಚಳವಾಗಿ ಹೇಳುತ್ತಿತ್ತು. ಆದರೆ ಮೇಜಿನ ಸುತ್ತ ಊರು ಕೂತಿತ್ತು.

"ಮಗಾ," ಎಂದಳು ದಾರಿಂಕಜ್ಜಿ ಒಳಗಿನಿಂದ. "ನಿಮ್ಮಪ್ಪ ಯುದ್ಧದ ಕಾಲದಲ್ಲಿ ಶತ್ರು ಸಿಪಾಯೀನೂ ಈ ಹೊಸ್ತಿಲಿಂದ ಹಿಂದಕ್ಕೆ ಕಳಿಸ್ಲಿಲ್ಲ ಕಣೋ."

"ಒಳಗ್ ಬರ್ಲಿ ಬಿಡಿ ಮೇಷ್ಟ್ರೇ!" ಸ್ತೊಯಾನ್ ಕೂಗಿದ. "ಸಂತನ ಕಣ್ಣೆದುರು ಮುನಿಸೇ?"

ಮೇಷ್ಟ್ರು ಪಕ್ಕಕ್ಕೆ ಸರಿದರು. ಮಗಳ ಮುಖ ನೋಡದೆ ಹೇಳಿದರು: "ಗೋಧಿ ತಗೊಂಬಾ, ತಿಯಾನಾ."

"ನಾನು ಹುಡುಗೀರಿಗೆ ಮಾತು ಕೊಟ್ಟಿದೀನಿ ಅಪ್ಪಾ."

"ಇದು ಮನೆ. ತಂಡ ಅಲ್ಲ."

ದೇಶದ ಯಾವ ರಕ್ಷಣಾ ಸಾಲೂ ತಡೆಯಲಾಗದಿದ್ದ ಅವಳ ಭುಜಗಳು ತಂದೆಯ ಆ ಎರಡು ಮಾತಿಗೆ ಇಳಿದವು. ಒಳಗೆ ಹೋಗಿ ತಟ್ಟೆ ತಂದು ಹಿಡಿದಳು. ತೊಶಿಚ್ ಶಿಲುಬೆಯ ಗುರುತು ಮಾಡಿಕೊಂಡ. ಕ್ಯಾಮೆರಾದ ಕಡೆಗೆ ತುಸು ತಿರುಗಿ ಚಮಚ ಬಾಯಿಗಿಟ್ಟ. ಆಮೇಲೆ ಅಲ್ಲಿನ ಪದ್ಧತಿಯಂತೆ ಅವಳ ಕೆನ್ನೆಗಳಿಗೆ ಮೂರು ಸಲ ಮುತ್ತಿಟ್ಟ. ಮೇಜಿನ ಸುತ್ತ ಚಪ್ಪಾಳೆ ಬಿತ್ತು. ಅವನ ಬಾಯಿಂದ ಒಂದು "ತಪ್ಪಾಯ್ತು" ಕೂಡ ಹೊರಬೀಳಲಿಲ್ಲ; ಯಾರೂ ಅದನ್ನು ಕೇಳಲೂ ಇಲ್ಲ. ಎರಡು ಸರ್ಮಾ ತಿಂದು, ಅಜ್ಜಿಯ ಕೈ ಹೊಗಳಿ, ಬಂದ ಹಾಗೆಯೇ ಹೊರಟುಹೋದ.

ರಾತ್ರಿಯ ಸುದ್ದಿಯಲ್ಲಿ ಆ ಚಿತ್ರ ಬಂತು. "ನಾಯಕಿ ಕ್ಷಮಿಸಿದಳು" ಎಂದು ಅದರ ಕೆಳಗೆ ಬರೆದಿತ್ತು. ಅದೇ ವಾರ ತನಿಖೆ ಮುಗಿಯಿತು. ತಂಡದ ಹುಡುಗಿಯರು ತಿಯಾನಾಳನ್ನು ಬೈಯಲಿಲ್ಲ, ಅತ್ತು ರಂಪ ಮಾಡಲಿಲ್ಲ. ಅಭ್ಯಾಸ ಮುಗಿದ ಮೇಲೆ ಕೂತು ಬೇರೊಬ್ಬಳನ್ನು ನಾಯಕಿಯೆಂದು ಆರಿಸಿದರು. ಮನೆಗೆ ಬಂದ ತಿಯಾನಾ ನಾಯಕಿಯ ತೋಳಿನ ಪಟ್ಟಿ ಬಿಚ್ಚಿಕೊಟ್ಟ ಸಂಗತಿಯನ್ನು ತಂದೆಗೆ ತಿಳಿಸಿದಳು, ಅಷ್ಟೇ.

"ನನ್ನ ಬೈಯಮ್ಮಾ," ಎಂದರು ಮೇಷ್ಟ್ರು.

"ಯಾಕೆ? ಮನೆ ಮರ್ಯಾದೆ ಉಳೀತಲ್ಲ."

ಮುಂದಿನ ಶನಿವಾರ ಊರಿನ ಕ್ರೀಡಾಂಗಣ ಕಿಕ್ಕಿರಿದಿತ್ತು. ತೊಶಿಚ್ ಮರಳಿ ಬರುವ ಪಂದ್ಯವೆಂದು ಅಧ್ಯಕ್ಷರು ಅವನ ಕೈಗೇ ಕ್ರೀಡಾಂಗಣದ ಮೈಕು ಕೊಟ್ಟು, ಆಟಗಾರ್ತಿಯರನ್ನು ಹೆಸರು ಹಿಡಿದು ಕರೆಯಬೇಕೆಂದು ಕೇಳಿಕೊಂಡರು. ಮೇಷ್ಟ್ರು ಮೂರನೆಯ ಸಾಲಿನಲ್ಲಿ ಕೂತು ಕಾದರು. ಈಗಲಾದರೂ ಹೇಳುತ್ತಾನೆ, ಮೈಕು ಕೈಯಲ್ಲಿದೆ, ಊರೆಲ್ಲ ಎದುರಿಗಿದೆ ಎಂದು ನಂಬಲು ಅವರು ಇನ್ನೂ ಹವಣಿಸುತ್ತಿದ್ದರು.

"ಮಿಲಿಸಾವ್ ಮೇಷ್ಟ್ರ ಮನೆ ಸರ್ಮಾ ತಿಂದ್ಬಂದೆ," ಎಂದ ತೊಶಿಚ್. "ನಮ್ಮ ಹುಡುಗೀರಿಗೆ ಈ ಟ್ರ್ಯಾಕ್ಟರಿನ ಬಲ ಎಲ್ಲಿಂದ ಬರುತ್ತೆ ಅಂತ ಈಗ ಗೊತ್ತಾಯ್ತು!"

ಕ್ರೀಡಾಂಗಣ ಬಿದ್ದು ಬಿದ್ದು ನಕ್ಕಿತು. ಚೌಕದಲ್ಲಿ ಗುಡುಗಿದ್ದ ಅಧ್ಯಕ್ಷರು ಕರವಸ್ತ್ರದಿಂದ ಕಣ್ಣೊರೆಸಿಕೊಂಡು ನಕ್ಕರು.

ಮೇಷ್ಟ್ರು ಎದ್ದು ನಿಂತರು. ಮೂವತ್ತು ವರ್ಷ ತರಗತಿಗಳನ್ನು ಸುಮ್ಮನಾಗಿಸಿದ್ದ ಧ್ವನಿಯಲ್ಲಿ ಕೂಗಿದರು: "ಕ್ಷಮೆ ಕೇಳು! ಆ ಮೈಕಲ್ಲೇ ಕೇಳು!"

ನಗು ಒಂದು ಗಳಿಗೆ ನಿಂತಿತು. ಹಿಂದಿನ ಸಾಲಿನಿಂದ ಸ್ತೊಯಾನ್ ಅವರ ಕೋಟಿನ ಅಂಚು ಹಿಡಿದು, ಮಗುವಿಗೆ ಹೇಳುವಂತೆ ಮೆತ್ತಗೆ ಹೇಳಿದ:

"ಕೂತ್ಕೊಳ್ಳಿ ಮೇಷ್ಟ್ರೇ. ನೀವೇ ಒಳಗೆ ಕರೆದು ಉಣ್ಣಿಸಿದೋರು, ಈಗ ಏನು ಹೊಸದಾಗಿ?"

ಕೆಳಗೆ ಅಂಕಣದಲ್ಲಿ ಹುಡುಗಿಯರು ಸಾಲಾಗಿ ನಿಂತಿದ್ದರು. ಕೂಗಿದವರು ಯಾರೆಂದು ಎಲ್ಲರೂ ತಲೆಯೆತ್ತಿ ಹುಡುಕಿದರು. ಸಾಲಿನ ಕೊನೆಯಲ್ಲಿದ್ದ ತಿಯಾನಾ ಮಾತ್ರ ಬಗ್ಗಿ ಬೂಟಿನ ಲಾಡಿ ಬಿಗಿಯುತ್ತಿದ್ದಳು. ಅವಳಿಗೆ ಆ ಧ್ವನಿಯ ಗುರುತಿತ್ತು.